ಅಕ್ಕಾ, ನೀನು ಕೇಳಿದ್ದಕ್ಕೆ ಉತ್ತರ

ಮೈಸೂರು
ಭಾನುವಾರ

ಪ್ರೀತಿಯ ಅಕ್ಕಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಮರೆವಿನಿಂದ ಯಾರಾದ್ರೂ ಸಾಯ್ತಾರೇನೇ? ಅಮ್ಮನಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ಮುಂದೆ ಏನಾಗುತ್ತೆ, ನಿಜ ಹೇಳು" ಅಂತ. ಆಗ ನಾನು ವಾರ್ಡಿನಲ್ಲಿದ್ದೆ. ನಿನ್ನ ಪಕ್ಕದಲ್ಲಿ ಭಾವ, ಮಕ್ಕಳು ಎಲ್ಲ ಇದ್ದರು. ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ರಾತ್ರಿ ಅಮ್ಮ ಮಲಗಿದ ಮೇಲೆ ನಿಧಾನವಾಗಿ ಓದು. ಆಮೇಲೆ ಭಾವನಿಗೂ ಕೊಡು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೌದು ಅಕ್ಕಾ, ಸಾಯುತ್ತಾರೆ. ಅಮ್ಮನಿಗಿರುವುದು ವಯಸ್ಸಿನ ಅರಳುಮರಳು ಅಲ್ಲ. ಅಲ್ಝೈಮರ್ ಮಿದುಳನ್ನು ಸ್ವಲ್ಪ ಸ್ವಲ್ಪವಾಗಿ ಹಾಳು ಮಾಡಿ ಕೊನೆಗೆ ಜೀವ ತೆಗೆಯುವ ಕಾಯಿಲೆ. ಅಲ್ಝೈಮರ್ ಸೇರಿದಂತೆ ಇಂಥ ಮರೆವಿನ ಕಾಯಿಲೆಗಳಿಗೆಲ್ಲ ಒಟ್ಟಾಗಿ ಡಿಮೆನ್ಷಿಯಾ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಡಿಮೆನ್ಷಿಯಾ ಜಗತ್ತಿನ ಸಾವುಗಳ ಏಳನೇ ದೊಡ್ಡ ಕಾರಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರಲ್ಲಿ ಅದು ಹೃದಯದ ಕಾಯಿಲೆಯನ್ನೂ ದಾಟಿ ಮೊದಲ ಸ್ಥಾನಕ್ಕೆ ಬಂತು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಇದೆ ಎಂದು ಅಂದಾಜು. ಇಷ್ಟು ಮನೆಗಳಲ್ಲಿ ನಿನ್ನ ಪ್ರಶ್ನೆ ಇದೆ. ಬಾಯಿ ಬಿಟ್ಟು ಕೇಳುವವರು ಮಾತ್ರ ಕಡಿಮೆ, ಕೇಳಿದರೆ ಅಪಶಕುನ ಅಂದುಕೊಳ್ಳುತ್ತಾರೆ. ನೀನು ಕೇಳಿದ್ದು ಒಳ್ಳೆಯದಾಯಿತು. ಸಾವು ಯಾವ ದಾರಿಯಿಂದ ಬರುತ್ತದೆ ಅಂತ ಗೊತ್ತಿದ್ದರೆ ಅದನ್ನು ಎಲ್ಲಿ ತಡೆಯಬಹುದು, ಎಲ್ಲಿ ಸುಮ್ಮನೆ ಬಿಡಬೇಕು ಅನ್ನುವುದೂ ಗೊತ್ತಾಗುತ್ತದೆ. ಈ ಕಾಗದದಲ್ಲಿ ನಾನು ಹೇಳಬೇಕೆಂದಿರುವುದು ಅಷ್ಟೇ.

ಈ ಕಾಯಿಲೆ ಗುರುತಿಸಿದ ಮೊದಲ ರೋಗಿಯ ಕಥೆ ನಿನಗೆ ಹೇಳಬೇಕು. ಆಗುಸ್ಟ ಡೇಟರ್ ಅಂತ ಜರ್ಮನಿಯ ಹೆಂಗಸು. 1901ರ ನವೆಂಬರಿನಲ್ಲಿ ಅವಳನ್ನು ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಆಗ ಅವಳಿಗೆ ಐವತ್ತೊಂದು ವರ್ಷ. ಡಾಕ್ಟರ್ ಆಲೋಯಿಸ್ ಅಲ್ಝೈಮರ್ ಅವಳ ಜೊತೆ ಆಡಿದ ಮಾತನ್ನೆಲ್ಲ ಬರೆದಿಟ್ಟುಕೊಂಡಿದ್ದಾನೆ. ಮಧ್ಯಾಹ್ನದ ಊಟಕ್ಕೆ ಹೂಕೋಸು ಮತ್ತು ಹಂದಿ ಮಾಂಸ ತಿನ್ನುತ್ತಿದ್ದಳು. ಏನು ತಿನ್ನುತ್ತಿದ್ದೀರಿ ಅಂತ ಕೇಳಿದರೆ ಪಾಲಕ್ ಅಂದಳಂತೆ. ಓದಿದಾಗ ನನಗೆ ನಮ್ಮ ಅಮ್ಮ ಅನ್ನದ ತಟ್ಟೆ ನೋಡಿ "ಕಡುಬು ಚೆನ್ನಾಗಿದೆ" ಅಂದದ್ದೇ ಕಣ್ಣಿಗೆ ಬಂತು. 1906ರ ಏಪ್ರಿಲ್ 8ರಂದು ಆಗುಸ್ಟ ತೀರಿಕೊಂಡಳು. ಅವಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಲ್ಝೈಮರ್ ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಉಪನ್ಯಾಸ ಕೊಟ್ಟ. 1910ರಲ್ಲಿ ಮನೋವೈದ್ಯ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಅಲ್ಝೈಮರ್‌ನ ಹೆಸರಿಟ್ಟ.

ಇದೆಲ್ಲ ವೈದ್ಯಕೀಯದ ಮಕ್ಕಳು ಬಾಯಿಪಾಠ ಮಾಡುವ ಸಂಗತಿ. ಆದರೆ ಆಗುಸ್ಟ ಸತ್ತದ್ದು ಯಾವುದರಿಂದ? ಮಲಗಿದಲ್ಲೇ ಬೆನ್ನಿಗೆ ಹುಣ್ಣಾಗಿ, ಹುಣ್ಣಿನಿಂದ ರಕ್ತಕ್ಕೆ ನಂಜೇರಿ. ಮಿದುಳಿನ ಕಾಯಿಲೆ ಅವಳನ್ನು ಹಾಸಿಗೆಗೆ ತಂದು ಮಲಗಿಸಿತು, ಹಾಸಿಗೆ ಹುಣ್ಣು ಜೀವ ತೆಗೆಯಿತು. ನೂರಿಪ್ಪತ್ತು ವರ್ಷ ಕಳೆದರೂ ಕಥೆ ಬಹಳ ಬದಲಾಗಿಲ್ಲ. ಡಿಮೆನ್ಷಿಯಾ ತಾನೇ ಎದುರಿಗೆ ಬಂದು ನಿಲ್ಲುವುದು ಅಪರೂಪ. ಅದು ದೇಹವನ್ನು ಸೋಲಿಸಿಟ್ಟಿರುತ್ತದೆ. ಕೊನೆಯ ಏಟು ಬೇರೆ ಯಾವುದೋ ಕೊಡುತ್ತದೆ.

ಅಮ್ಮನ ವಿಷಯದಲ್ಲಿ ಆ ಕೊನೆಯ ಏಟು ಹೆಚ್ಚಾಗಿ ಗಂಟಲಿನಿಂದ ಬರಬಹುದು. ಕಾಯಿಲೆ ನೆನಪಿನಿಂದ ಶುರುವಾಗುತ್ತದೆ, ಅಲ್ಲಿಗೆ ನಿಲ್ಲುವುದಿಲ್ಲ. ಮಾತು, ನಡಿಗೆ, ಉಚ್ಚೆಯ ಹಿಡಿತ, ಕೊನೆಕೊನೆಗೆ ನುಂಗುವುದೂ ಹೋಗುತ್ತದೆ. ನುಂಗುವುದು ನಮಗೆ ಗಮನಕ್ಕೇ ಬಾರದ ಕೆಲಸ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಬೇಕು, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು, ಅನ್ನನಾಳ ತೆರೆಯಬೇಕು. ಇಷ್ಟನ್ನೂ ಹೊತ್ತಿಗೆ ಸರಿಯಾಗಿ ಮಾಡಿಸುವುದು ಮಿದುಳು. ಆ ಲೆಕ್ಕ ತಪ್ಪಿದರೆ ನೆತ್ತಿಗೆ ಹತ್ತುತ್ತದೆ, ಕೆಮ್ಮು ಬರುತ್ತದೆ. ಕಾಯಿಲೆ ಇನ್ನೂ ಮುಂದೆ ಹೋದರೆ ಕೆಮ್ಮೂ ಬರುವುದಿಲ್ಲ. ಗಂಜಿಯೋ ಎಂಜಲೋ ಸದ್ದಿಲ್ಲದೆ ಪುಪ್ಪುಸಕ್ಕೆ ಇಳಿಯುತ್ತದೆ. ಬಾಯಲ್ಲಿರುವ ರೋಗಾಣುಗಳೂ ಅದರ ಜೊತೆಗೇ ಹೋಗುತ್ತವೆ. ನ್ಯುಮೋನಿಯಾ ಶುರುವಾಗುವುದು ಹಾಗೆ.

ಅಮೆರಿಕದ ಬಾಸ್ಟನ್ ಸುತ್ತಮುತ್ತಲ 22 ಆರೈಕೆ ಕೇಂದ್ರಗಳಲ್ಲಿ, ಡಿಮೆನ್ಷಿಯಾದ ಕೊನೆಯ ಹಂತದಲ್ಲಿದ್ದ 323 ಮಂದಿಯನ್ನು ಹದಿನೆಂಟು ತಿಂಗಳು ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀರಿಕೊಂಡರು. ಶೇಕಡಾ 86ರಷ್ಟು ಮಂದಿಗೆ ಉಣ್ಣುವ ತೊಂದರೆ ಬಂತು, ಶೇಕಡಾ 41ರಷ್ಟು ಮಂದಿಗೆ ನ್ಯುಮೋನಿಯಾ ಆಯಿತು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಮುಖ್ಯ. ಮುಂದೇನಾಗುತ್ತದೆ ಅಂತ ಮನೆಯವರಿಗೆ ತಿಳಿದಿದ್ದ ರೋಗಿಗಳಿಗೆ ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಗೆ ಎಳೆದಾಟ, ಚುಚ್ಚು, ಟ್ಯೂಬು ಕಡಿಮೆಯಾಗಿತ್ತು. ತಿಳಿವಳಿಕೆಯೇ ಅವರಿಗೆ ಅಷ್ಟು ನೋವು ಉಳಿಸಿತು.

ಎಲ್ಲ ಡಿಮೆನ್ಷಿಯಾಗಳೂ ಒಂದೇ ಥರ ಮುಗಿಯುವುದಿಲ್ಲ. ದೊಡ್ಡಪ್ಪನದು ಬೇರೆ ಜಾತಿ. ಅವನಿಗೆ ಬಿಪಿ ಇತ್ತು, ಬೀಡಿ ಬಿಡಲಿಲ್ಲ, ಎರಡು ಸಲ ಸಣ್ಣಗೆ ಪಾರ್ಶ್ವವಾಯು ಹೊಡೆದಿತ್ತು. ಮಿದುಳಿನ ರಕ್ತನಾಳ ಕೆಟ್ಟು ಬಂದ ಡಿಮೆನ್ಷಿಯಾ ಅವನದು. ಅಂಥವರನ್ನು ಹೆಚ್ಚಾಗಿ ಒಯ್ಯುವುದು ಹೃದಯಾಘಾತ ಮತ್ತು ಮತ್ತೊಂದು ಸ್ಟ್ರೋಕ್. ಏಕೆಂದರೆ ಮಿದುಳಿನ ನಾಳ ಕೆಡಿಸಿದ ಅದೇ ಕಾರಣ ಹೃದಯದ ನಾಳವನ್ನೂ ಕೆಡಿಸಿರುತ್ತದೆ. ಸರಾಸರಿಯಲ್ಲಿ ಅಲ್ಝೈಮರ್‌ನವರಿಗಿಂತ ಅವರ ಆಯುಸ್ಸು ಕಡಿಮೆ. ಸ್ವೀಡನ್ನಿನ ಲುಂಡ್ ಆಸ್ಪತ್ರೆಯಲ್ಲಿ 1974ರಿಂದ 2004ರವರೆಗೆ ಡಿಮೆನ್ಷಿಯಾದ ಐನೂರಕ್ಕೂ ಹೆಚ್ಚು ಜನರ ಶವಪರೀಕ್ಷೆಯ ವರದಿ ತೆಗೆದು ನೋಡಿದಾಗ ಶೇಕಡಾ 38ರಷ್ಟು ಸಾವಿಗೆ ನ್ಯುಮೋನಿಯಾ, ಶೇಕಡಾ 23ರಷ್ಟು ಸಾವಿಗೆ ಹೃದಯಕ್ಕೆ ರಕ್ತ ಕಡಿಮೆಯಾದದ್ದು ಕಾರಣವಾಗಿತ್ತು. ಅಲ್ಝೈಮರ್‌ನವರಲ್ಲಿ ಉಸಿರಾಟದ ಕಾಯಿಲೆ ಮುಂದು, ರಕ್ತನಾಳದ ಡಿಮೆನ್ಷಿಯಾದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಮುಂದು.

ನಿನ್ನ ಮಾವನವರ ತಮ್ಮನಿಗೆ ಇಲ್ಲದ ಮಕ್ಕಳು ಅಂಗಳದಲ್ಲಿ ಆಡುತ್ತಿರುವ ಹಾಗೆ ಕಾಣುತ್ತದೆ, ಕೈಕಾಲು ಬಿಗಿಯಾಗಿದೆ, ಪದೇಪದೇ ಬೀಳುತ್ತಾರೆ ಅಂದಿದ್ದೆ. ಡಾಕ್ಟರ್ ಲೂಯಿ ಬಾಡಿ ಡಿಮೆನ್ಷಿಯಾ ಅಂದಿದ್ದಾರಲ್ಲ, ಅದಕ್ಕೆ ಬೇರೆ ಎರಡು ಅಪಾಯ ಇವೆ. ಒಂದು, ಬಿದ್ದು ಸೊಂಟದ ಮೂಳೆ ಮುರಿಯುವುದು. ಮುರಿದು ಮಲಗಿದ ಮುದುಕರು ಮತ್ತೆ ಏಳುವುದು ಕಷ್ಟ. ಇನ್ನೊಂದು, ಔಷಧಿ. ಕೂಗಾಟ, ಭ್ರಮೆ ಹೆಚ್ಚಾದಾಗ ಕೊಡುವ ಹಾಲೋಪೆರಿಡಾಲ್‌ನಂಥ ಮಾತ್ರೆ, ಇಂಜೆಕ್ಷನ್ನು ಆ ಕಾಯಿಲೆಯವರಿಗೆ ವಿಷವಾಗಿಬಿಡಬಹುದು. ಮೈ ಮರದ ಹಾಗೆ ಬಿಗಿದು, ಪ್ರಜ್ಞೆ ತಪ್ಪಿ, ಸಾವೂ ಬರಬಹುದು. ಆಸ್ಪತ್ರೆಗೆ ಸೇರಿಸಿದಾಗ "ಇವರಿಗೆ ಲೂಯಿ ಬಾಡಿ ಇದೆ" ಅಂತ ಮೊದಲ ಮಾತಿನಲ್ಲೇ ಹೇಳಲಿ, ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟರೂ ಸರಿ. ಈ ಗುಂಪಿನ ಮಾತ್ರೆಗಳು ಡಿಮೆನ್ಷಿಯಾ ಇರುವ ಯಾವ ಮುದುಕರಿಗೂ ನಿರಪಾಯ ಅಲ್ಲ. ಅವು ಸಾವಿನ ಸಾಧ್ಯತೆಯನ್ನು ಒಂದೂವರೆ ಪಟ್ಟಿಗಿಂತ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿದೆ. ಅಮ್ಮ ರಾತ್ರಿ ಕೂಗಿದಳು ಅಂತ ಯಾರಾದರೂ ನಿದ್ದೆಗೆ ಇಂಥದ್ದು ಬರೆದುಕೊಟ್ಟರೆ ಕೊಡುವ ಮೊದಲು ನನಗೆ ಫೋನ್ ಮಾಡು. ಬಹಳ ಸಲ ಕೂಗಾಟದ ಹಿಂದೆ ಮಲಬದ್ಧತೆ, ಉಚ್ಚೆಯ ಸೋಂಕು ಅಥವಾ ಹಲ್ಲುನೋವು ಇರುತ್ತದೆ.

ಐವತ್ತರ ಆಸುಪಾಸಿನಲ್ಲೇ ನಡತೆ ಕೆಟ್ಟು ಶುರುವಾಗುವ ಮುಂಭಾಗದ ಮಿದುಳಿನ ಡಿಮೆನ್ಷಿಯಾದಲ್ಲಿ ಕೆಲವರಿಗೆ ನರ ಮತ್ತು ಮಾಂಸಖಂಡ ಸೊರಗುವ ಕಾಯಿಲೆಯೂ ಜೊತೆಗೆ ಬರುತ್ತದೆ. ಅವರಿಗೆ ನುಂಗುವುದು, ಉಸಿರಾಡುವುದು ಬೇಗ ಸೋಲುತ್ತದೆ. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಅನ್ನುವ ಅಪರೂಪದ ಕಾಯಿಲೆಯಲ್ಲಿ ಬಹುತೇಕ ಎಲ್ಲರೂ ವರ್ಷದೊಳಗೆ ಹೋಗುತ್ತಾರೆ. ಅಲ್ಝೈಮರ್ ಹಾಗಲ್ಲ. ಗುರುತಿಸಿದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ, ಕೆಲವರು ಇಪ್ಪತ್ತು ವರ್ಷ ಬದುಕಿದ್ದೂ ಇದೆ. ಅಮ್ಮನಿಗೆ ಇಷ್ಟೇ ದಿನ ಅಂತ ನಾನು ಹೇಳಲಾರೆ. ಹೇಳುತ್ತೇನೆ ಅನ್ನುವವರನ್ನು ನಂಬಬೇಡ.

ಜಾರ್ಜ್ ಫರ್ನಾಂಡಿಸ್ ನೆನಪಿದ್ದಾರಲ್ಲ. ಅಪ್ಪ ರೇಡಿಯೋದಲ್ಲಿ ಅವರ ಭಾಷಣ ಬಂದರೆ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದರು. ಮಂಗಳೂರಿನಲ್ಲಿ ಹುಟ್ಟಿ, ರೈಲ್ವೆ ಮುಷ್ಕರ ನಡೆಸಿ, ದೇಶದ ರಕ್ಷಣಾ ಮಂತ್ರಿಯಾದ ಅಂಥ ಮನುಷ್ಯ ಅಲ್ಝೈಮರ್ ಹಿಡಿದು ವರ್ಷಗಟ್ಟಲೆ ಹಾಸಿಗೆಯಲ್ಲಿದ್ದರು. 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತೆಂಟು ವರ್ಷ. ಕೊನೆಗೆ ಬಂದದ್ದು ಎಚ್1ಎನ್1 ಜ್ವರ. ನಮ್ಮನ್ನು ನಿಮ್ಮನ್ನು ನಾಲ್ಕು ದಿನ ಮಲಗಿಸಿ ಬಿಡುವ ಜ್ವರ ಇಂಥವರಿಗೆ ಎಷ್ಟು ದೊಡ್ಡದು ನೋಡು. ಅಮ್ಮನಿಗೆ ವರ್ಷಕ್ಕೊಂದು ಫ್ಲೂ ಲಸಿಕೆ, ಜೊತೆಗೆ ನ್ಯುಮೋಕಾಕಲ್ ಲಸಿಕೆ ಹಾಕಿಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಫ್ಲೂ ಲಸಿಕೆ ನೀನೂ ಹಾಕಿಸಿಕೊ. ಶಾಲೆಯಿಂದ ಕೆಮ್ಮು ತರುವ ಮಕ್ಕಳಿಗೂ ಹಾಕಿಸು.

ಇನ್ನು ನಿನ್ನ ಕೈಯಲ್ಲಿರುವ ಕೆಲಸ. ದಸರೆಗೆ ಬಂದಾಗ ನೀನು ಅಮ್ಮನಿಗೆ ಗಂಜಿ ಕುಡಿಸುವುದನ್ನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಚಮಚದ ತುದಿಯನ್ನು ತುಟಿಗೆ ಮುಟ್ಟಿಸಿ ಬಾಯಿ ತೆರೆಯುವವರೆಗೆ ಕಾದೆ. ಅಮ್ಮ ಗಂಜಿಯನ್ನು ಕೆನ್ನೆಯಲ್ಲೇ ಇಟ್ಟುಕೊಂಡಳು. ನೀನು ಎರಡನೇ ಚಮಚ ಎತ್ತಲಿಲ್ಲ. "ನುಂಗಮ್ಮಾ" ಅಂತ ಗಂಟಲ ಹತ್ತಿರ ಬೆರಳಿಂದ ಸವರಿದೆ. ಗಂಟಲು ಮೇಲೆ ಕೆಳಗೆ ಆಡಿದ ಮೇಲೆಯೇ ಮುಂದಿನ ಚಮಚ. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕಾ, ನಮ್ಮ ವಾರ್ಡಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಅಂಥ ಮುಕ್ಕಾಲು ಗಂಟೆ ಸಿಗುವುದಿಲ್ಲ. ಅಮ್ಮ ಇಷ್ಟು ದಿನ ಜ್ವರವಿಲ್ಲದೆ ಇದ್ದರೆ ಅದಕ್ಕೆ ಆ ಚಮಚವೂ ಒಂದು ಕಾರಣ.

ಅದಕ್ಕೆ ಇಷ್ಟು ಸೇರಿಸಿಕೊ. ಉಣಿಸುವಾಗ ಬೆನ್ನು ನೆಟ್ಟಗಿರಲಿ, ಗಲ್ಲ ಸ್ವಲ್ಪ ಕೆಳಗೆ ಬಾಗಿರಲಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡ. ನೆತ್ತಿಗೆ ಹತ್ತುವುದು ನೀರು, ಕಾಫಿಯಂಥ ತೆಳುವಾದದ್ದರಲ್ಲೇ ಹೆಚ್ಚು, ಗಂಜಿ, ರಾಗಿ ಸರಿ ಇಳಿಯುವುದು ಸಲೀಸು. ಉಂಡಾದ ಮೇಲೆ ಮಾತಾಡಿಸಿ ನೋಡು. ದನಿ ಗೊರಗೊರ ಅಂದರೆ ಗಂಟಲಲ್ಲಿ ಇನ್ನೂ ನಿಂತಿದೆ ಅಂತ ಅರ್ಥ. ಅರೆನಿದ್ದೆಯಲ್ಲಿದ್ದರೆ ಉಣಿಸಲೇಬೇಡ, ಹೊತ್ತು ತಪ್ಪಿದರೂ ಚಿಂತೆಯಿಲ್ಲ. ಬಾಯಿ ಸ್ವಚ್ಛ ಮಾಡುವುದನ್ನು ಮಾತ್ರ ಬಿಡಬೇಡ. ಹಲ್ಲು, ನಾಲಿಗೆ, ಕೆನ್ನೆಯ ಒಳಗು ದಿನಕ್ಕೆರಡು ಸಲ ಒರೆಸಿದರೆ ಎಂಜಲಿನ ಜೊತೆ ಪುಪ್ಪುಸಕ್ಕಿಳಿಯುವ ರೋಗಾಣು ಕಡಿಮೆಯಾಗುತ್ತದೆ. ಮುಂದೆ ಹಾಸಿಗೆ ಹಿಡಿದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನಿನ ಕೆಳಗು, ಸೊಂಟ, ಹಿಮ್ಮಡಿಯಲ್ಲಿ ಕೆಂಪಾಗಿದೆಯೇ ಅಂತ ದಿನಾ ನೋಡಬೇಕು. ಗಾಳಿ ಹಾಸಿಗೆ ನಾನು ಕಳಿಸುತ್ತೇನೆ. ಅದು ಬಂತು ಅಂತ ಮಗ್ಗುಲು ಹಾಕುವುದನ್ನು ನಿಲ್ಲಿಸಬಾರದು. ಇನ್ನೊಂದು ನೆನಪಿಡು, ಮುದುಕರ ನ್ಯುಮೋನಿಯಾದಲ್ಲಿ ಜ್ವರ ಬಂದೇ ಬರುತ್ತದೆ ಅಂತಿಲ್ಲ. ಇದ್ದಕ್ಕಿದ್ದ ಹಾಗೆ ಮಂಕಾಗಿ, ಊಟ ಬಿಟ್ಟು, ಉಸಿರು ಜೋರಾದರೆ ಕಾಯಬೇಡ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಒಂದು ದಿನ ಅಮ್ಮ ಬಾಯಿ ತೆರೆಯುವುದಿಲ್ಲ. ಆಗ ಯಾರೋ ಒಬ್ಬರು ಮೂಗಿಗೆ ಟ್ಯೂಬ್ ಹಾಕಿಸೋಣ ಅನ್ನುತ್ತಾರೆ. ಪುಣೆಯಿಂದ ಅಣ್ಣ ಖಂಡಿತ ಅನ್ನುತ್ತಾನೆ, ಏನೂ ಕಡಿಮೆ ಮಾಡಬಾರದು ಅನ್ನುವುದು ಅವನ ಪ್ರೀತಿ. ಆದರೆ ಡಿಮೆನ್ಷಿಯಾದ ಕೊನೆಯ ಹಂತದಲ್ಲಿ ಟ್ಯೂಬಿನಲ್ಲಿ ಊಟ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ನ್ಯುಮೋನಿಯಾ ನಿಲ್ಲುವುದಿಲ್ಲ, ಎಂಜಲು ಹೇಗೂ ಇಳಿಯುತ್ತಲೇ ಇರುತ್ತದೆ. ಟ್ಯೂಬ್ ಕಿತ್ತುಕೊಳ್ಳದ ಹಾಗೆ ಕೈ ಕಟ್ಟುತ್ತಾರೆ, ಮಲಗಿದಲ್ಲೇ ಇದ್ದು ಹುಣ್ಣಾಗುತ್ತದೆ. ಅಮೆರಿಕದ ವೃದ್ಧರೋಗ ತಜ್ಞರ ಸಂಘವೂ ಈ ಹಂತದಲ್ಲಿ ಟ್ಯೂಬ್ ಬೇಡ, ಎಷ್ಟು ಆಗುತ್ತದೋ ಅಷ್ಟು ಕೈಯಿಂದ ಉಣಿಸಿ ಅನ್ನುತ್ತದೆ. ಎರಡು ಚಮಚ ಪಾಯಸ ರುಚಿ ನೋಡಿದರೆ ಸಾಕು, ತುಟಿ ಒದ್ದೆ ಮಾಡಿದರೆ ಸಾಕು. ಉಪವಾಸ ಕೆಡವಿದರು ಅಂತ ಊರವರು ಅಂದರೆ ನನ್ನ ಹೆಸರು ಹೇಳು. ದೇಹ ಮುಗಿಯುತ್ತಾ ಬಂದಾಗ ಹಸಿವು, ಬಾಯಾರಿಕೆ ತಾವೇ ಇಳಿಯುತ್ತವೆ.

ಐಸಿಯು, ವೆಂಟಿಲೇಟರ್ ವಿಷಯವೂ ಹಾಗೇ. ಮೊದಲ ಸಲ ನ್ಯುಮೋನಿಯಾ ಬಂದಾಗ ಆಂಟಿಬಯಾಟಿಕ್ ಕೊಡೋಣ, ಅಮ್ಮ ಮತ್ತೆ ಜಗಲಿಗೆ ಬಂದು ಕೂರಬಹುದು. ಗುರುತೆಲ್ಲ ಅಳಿಸಿ, ಮಾತು ನಿಂತು, ಮೇಲಿಂದ ಮೇಲೆ ಸೋಂಕು ಬರಲು ಶುರುವಾದ ಮೇಲೆ ಉಸಿರಿನ ಯಂತ್ರಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆಗ ಬೇಕಾದದ್ದು ನೋವು ಮತ್ತು ಉಸಿರುಗಟ್ಟುವಿಕೆ ತಗ್ಗಿಸುವ ಔಷಧಿ, ಅಗತ್ಯ ಬಿದ್ದರೆ ಮಾರ್ಫಿನ್, ಮತ್ತೆ ನಿನ್ನ ಕೈ. ಇದು ಕಾನೂನಿಗೆ ವಿರುದ್ಧ ಅಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ಆಸ್ಪತ್ರೆಯಲ್ಲಿ ವೈದ್ಯರ ಎರಡು ಮಂಡಳಿಗಳು ನೋಡಿ, ಮನೆಯವರು ಒಪ್ಪಿದರೆ, ಪ್ರಯೋಜನವಿಲ್ಲದ ಜೀವರಕ್ಷಕ ಯಂತ್ರ ನಿಲ್ಲಿಸಬಹುದು. ಸ್ವಸ್ಥ ಮನಸ್ಸಿನಲ್ಲಿರುವವರು ಇಬ್ಬರು ಸಾಕ್ಷಿಗಳ ಮುಂದೆ ತಮ್ಮ ಇಚ್ಛೆ ಬರೆದು ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿ ಇಡಬಹುದು. ಅಮ್ಮನಿಗೆ ಆ ಕಾಲ ಮೀರಿತು. ನಾನು, ನೀನು, ಅಣ್ಣ ಬರೆದಿಡೋಣ.

ಸಾವಿನ ಕಾರಣ ಬರೆಯುವ ವೈದ್ಯಕೀಯ ಪ್ರಮಾಣಪತ್ರದ ಬಗ್ಗೆಯೂ ಹೇಳಿಬಿಡುತ್ತೇನೆ. ದೊಡ್ಡಪ್ಪನ ಕಾಗದದಲ್ಲಿ "ಹೃದಯ ಮತ್ತು ಶ್ವಾಸ ಸ್ತಂಭನ" ಅಂತಷ್ಟೇ ಇತ್ತು. ಸತ್ತ ಪ್ರತಿಯೊಬ್ಬರದೂ ಹೃದಯ ನಿಂತಿರುತ್ತದೆ, ಅದು ಕಾರಣವಲ್ಲ. ಆ ನಮೂನೆಯಲ್ಲಿ ಮೇಲಿನ ಸಾಲಿನಲ್ಲಿ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ದಾರಿ ಮಾಡಿದ ಕಾಯಿಲೆ, ಕೊನೆಯ ಸಾಲಿನಲ್ಲಿ ಎಲ್ಲದರ ಮೂಲ ಬರೆಯಬೇಕು. ಅಲ್ಝೈಮರ್ ಅಂತ ಬರೆಯದೆ ಬರೀ ನ್ಯುಮೋನಿಯಾ ಅಂತ ಬರೆದರೆ ಈ ಕಾಯಿಲೆಯಿಂದ ಯಾರೂ ಸಾಯುವುದೇ ಇಲ್ಲ ಅಂತ ಸರ್ಕಾರದ ಲೆಕ್ಕ ಹೇಳುತ್ತದೆ. ಸಾವೇ ಇಲ್ಲದ ಕಾಯಿಲೆಗೆ ದುಡ್ಡು, ಹಾಸಿಗೆ, ನರ್ಸು ಯಾರು ಕೊಡುತ್ತಾರೆ? ಆ ಹೊತ್ತಿನಲ್ಲಿ ಡಾಕ್ಟರ ಹತ್ತಿರ ಇದನ್ನು ಕೇಳುವ ಕೆಲಸ ನನ್ನದು. ನೀನು ಆ ಚಿಂತೆ ಹಚ್ಚಿಕೊಳ್ಳಬೇಡ.

ನಿನ್ನ ಸೊಂಟನೋವು, ರಾತ್ರಿಯ ನಿದ್ದೆಗೇಡು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಅಮ್ಮನನ್ನು ಉಳಿಸಿಕೊಂಡಿರುವುದು ನೀನು, ನೀನು ಬಿದ್ದರೆ ಅಮ್ಮನೂ ಬೀಳುತ್ತಾಳೆ. ರಾತ್ರಿಗೆ ಒಬ್ಬ ಹೋಮ್ ನರ್ಸ್ ಇಡೋಣ, ದುಡ್ಡು ನಾನೂ ಅಣ್ಣನೂ ಹಂಚಿಕೊಳ್ಳುತ್ತೇವೆ. ಬೇಡ ಅನ್ನಬೇಡ. ಸಂಕ್ರಾಂತಿಗೆ ನಾನು ಬಂದು ಹದಿನೈದು ದಿನ ಇರುತ್ತೇನೆ, ಆಗ ನೀನು ಭಾವನ ಜೊತೆ ಎಲ್ಲಿಗಾದರೂ ಹೋಗಿ ಬಾ.

ಅಷ್ಟರೊಳಗೆ ಮೂರು ಕೆಲಸ ಮಾಡಿಸು. ಫ್ಲೂ ಲಸಿಕೆ. ಹಲ್ಲಿನ ಡಾಕ್ಟರಿಗೆ ಅಮ್ಮನ ಬಾಯಿ ತೋರಿಸುವುದು. ಮೂರನೆಯದು, ಈ ಕಾಗದವನ್ನು ಅಣ್ಣನಿಗೆ ಓದಿಸುವುದು. ಟ್ಯೂಬು, ಐಸಿಯು ಬಗ್ಗೆ ನಾವು ಮೂವರೂ ಅಮ್ಮ ಚೆನ್ನಾಗಿರುವಾಗಲೇ ಕೂತು ಮಾತಾಡಿ ಒಂದೇ ತೀರ್ಮಾನಕ್ಕೆ ಬರಬೇಕು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಆ ಮಾತು ಆಡಲು ಆಗುವುದಿಲ್ಲ ಅಕ್ಕಾ.

ನಿನ್ನ ಪ್ರೀತಿಯ
ತಂಗಿ